ಜೋಳವಾಳಿಯ ಲೆಕ್ಕ: ರಾಧಾನಾಥ ಸಿಕ್ದಾರ್ ಮತ್ತು ಒಂದೇ ಬಾಗಿಲಿನ ಇಲಾಖೆ

1831ರ ಡಿಸೆಂಬರ್ ತಿಂಗಳಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನ ವಿದ್ಯಾರ್ಥಿಯೊಬ್ಬರು ಕಂಪನಿ ಸರ್ಕಾರದ ಮಹಾ ತ್ರಿಕೋನಮಿತಿ ಸರ್ವೆಯನ್ನು ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ. ಹೆಸರು ರಾಧಾನಾಥ ಸಿಕ್ದಾರ್. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹುದ್ದೆಯ ಹೆಸರು ಕಂಪ್ಯೂಟರ್. ಆ ಕಾಲಕ್ಕೆ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲಾಗರಿದಂ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಮಾಡುವ ಮನುಷ್ಯ. ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರಿಗೆ ಗೋಳೀಯ ತ್ರಿಕೋನಮಿತಿ ಬಲ್ಲ ತರುಣರು ಬೇಕಾಗಿದ್ದರು. ಕಾಲೇಜಿನ ಗಣಿತದ ಅಧ್ಯಾಪಕ ಜಾನ್ ಟೈಟ್ಲರ್ ತಮ್ಮ ಶಿಷ್ಯನ ಹೆಸರನ್ನು ಸೂಚಿಸಿದರು. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಓದಿ ಅರ್ಥಮಾಡಿಕೊಂಡ ಮೊದಮೊದಲ ಭಾರತೀಯರಲ್ಲಿ ಈ ಶಿಷ್ಯರೂ ಒಬ್ಬರಾಗಿದ್ದರು.

ಹೊರಗಿನವರಿಗೆ ಬೇಡದ ವಿದ್ಯೆಯೊಂದನ್ನು ಕಲಿಸಿ, ಅದರಲ್ಲಿ ನಮ್ಮನ್ನು ಪಳಗಿಸಿ, ಕೊನೆಗೆ ಆ ವಿದ್ಯೆಗೆ ತಾನೊಂದೇ ಗಿರಾಕಿಯಾಗಿ ಉಳಿಯುವ ಸಂಸ್ಥೆಯಲ್ಲಿ ಎಷ್ಟು ಕಾಲ ಇರಬೇಕು? ಈ ಪ್ರಶ್ನೆ ಇಂದು ಕೇಂದ್ರ ಸರ್ಕಾರದ ಅನೇಕ ಇಲಾಖೆಗಳಲ್ಲಿ ದುಡಿಯುತ್ತಿರುವ ನಮ್ಮಂಥವರನ್ನು ನಲವತ್ತರ ಆಸುಪಾಸಿನಲ್ಲಿ ಕಾಡುವುದುಂಟು. ಊರು ಬಿಟ್ಟು ಪುಣೆ, ದೆಹಲಿ, ಹೈದರಾಬಾದುಗಳಿಗೆ ಬಂದು ನೆಲೆಸಿದ ನಮ್ಮ ಬಳಗದಲ್ಲಿ ಇಂಥ ಪ್ರಶ್ನೆಯನ್ನು ಹೊತ್ತು ತಿರುಗುವವರು ಕಡಿಮೆ ಇಲ್ಲ. ಆದರೆ ಈ ಪ್ರಶ್ನೆಗೆ ನಾವು ಬಗೆಯುವುದಕ್ಕಿಂತ ಹೆಚ್ಚಿನ ವಯಸ್ಸಾಗಿದೆ. ರಾಧಾನಾಥರ ಬದುಕು ಅದರ ಹಳೆಯ ಕಡತಗಳಲ್ಲೊಂದು. ಅದನ್ನು ಬಿಚ್ಚಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಆ ಇಲಾಖೆಯ ಸ್ವರೂಪವನ್ನು ತಿಳಿಯಬೇಕು. ಅದರ ಬೇರು ನಮ್ಮ ನೆಲದಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಮೂಲಕ ದಕ್ಷಿಣ ಭಾರತವನ್ನು ಅಡ್ಡಲಾಗಿ ಅಳೆಯುವ ಯೋಜನೆಯನ್ನು ಮುಂದಿಟ್ಟರು. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದರು. 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾ ಸರ್ವೆಯ ಕೆಲಸ ವಿಧಿವತ್ತಾಗಿ ಪ್ರಾರಂಭವಾಯಿತು. ಮುಂದೆ ನಾಲ್ಕು ದಶಕಗಳ ಕಾಲ ತ್ರಿಕೋನಗಳ ಸಾಲೊಂದು ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ಬುಡದವರೆಗೆ ಏರಿಹೋಯಿತು. ಅದರ ಸತ್ಯಾಸತ್ಯತೆಯನ್ನು ಪರೀಕ್ಷಿಸಿದ ಮೂರು ಮುಖ್ಯ ಆಧಾರರೇಖೆಗಳಲ್ಲಿ ಒಂದು ನಮ್ಮ ಬೀದರದ್ದು. ಅದನ್ನು 1841ರಲ್ಲಿ ಅಳೆದರು. ಉಳಿದೆರಡು ಮಧ್ಯಭಾರತದ ಸಿರೋಂಜ್ ಮತ್ತು ಡೆಹ್ರಾಡೂನಿನವು.

ಬಯಲಿನಲ್ಲಿ ಕೋನಗಳನ್ನು ಅಳೆಯುವುದು ಕೆಲಸದ ಅರ್ಧ ಮಾತ್ರ. ಭೂಮಿ ದುಂಡಗಿರುವುದರಿಂದ ಅದರ ಮೇಲೆ ಬರೆದ ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶಗಳನ್ನು ಸ್ವಲ್ಪ ಮೀರುತ್ತದೆ. ಆ ಮೀರಿಕೆಯನ್ನು ಲೆಕ್ಕಕ್ಕೆ ತರಬೇಕು. ಗಾಳಿಯಲ್ಲಿ ಬೆಳಕು ಬಾಗುತ್ತದೆ. ಆ ಬಾಗನ್ನು ಕಳೆಯಬೇಕು. ಅಳತೆಯ ಸರಳು ಬಿಸಿಲಿಗೆ ಹಿಗ್ಗುತ್ತದೆ, ಅದನ್ನೂ ತಿದ್ದಬೇಕು. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು. ಈ ವಿದ್ಯೆ ಕರಗತವಾಗಲು ವರ್ಷಗಳು ಹಿಡಿಯುತ್ತವೆ. ಆದರೆ ಹೀಗೆ ಕರಗತವಾದ ವಿದ್ಯೆಯನ್ನು 1830ರ ದಶಕದ ಭಾರತದಲ್ಲಿ ಬೇರೆ ಯಾರು ಕೊಳ್ಳುತ್ತಿದ್ದರು? ವ್ಯಾಪಾರದ ಕೋಠಿಗಳಿಗೆ ಜಮಾಖರ್ಚು ಬಲ್ಲವರು ಸಾಕಾಗಿದ್ದರು. ಕಂದಾಯ ಇಲಾಖೆಗೆ ಹೊಲ ಅಳೆಯುವವರು ಸಾಕಾಗಿದ್ದರು. ಭೂಮಿಯ ಆಕಾರವನ್ನೇ ಅಳೆಯಬಲ್ಲವರು ಬೇಕಾಗಿದ್ದುದು ಒಂದೇ ಒಂದು ಕಚೇರಿಗೆ. ಇಂಥ ಕಚೇರಿಗೆ ಒಳಹೋಗಲು ಒಂದು ಬಾಗಿಲು, ಹೊರಬರಲೂ ಅದೇ ಬಾಗಿಲು. ಅದರ ಚಿಲಕವಿರುವುದು ಅಧಿಕಾರಿಯ ಕೈಯಲ್ಲಿ.

ಅದೇ ಕಾಲದಲ್ಲಿ ಹೊರಗೆ ಬೇರೊಂದು ಬಾಗಿಲು ತೆರೆಯಿತು. 1833ರ ಒಂದು ಕಾಯಿದೆಯ ಮೂಲಕ ಕಂಪನಿ ಸರ್ಕಾರವು ಬಂಗಾಳದಲ್ಲಿ ಡೆಪ್ಯುಟಿ ಕಲೆಕ್ಟರ್ ಎಂಬ ಹುದ್ದೆಯನ್ನು ಸೃಷ್ಟಿಸಿ ಅದನ್ನು ಭಾರತೀಯರಿಗೂ ಮುಕ್ತಗೊಳಿಸಿತು. ಆಡಳಿತದಲ್ಲಿ ನಮ್ಮವರು ಅಲ್ಲಿಯವರೆಗೆ ಏರಲಾಗದಿದ್ದ ಮೆಟ್ಟಿಲು ಅದು. ಸಂಬಳ ಹೆಚ್ಚು, ಮಾನ ಮರ್ಯಾದೆ ಹೆಚ್ಚು, ಜಿಲ್ಲೆಯಿಂದ ಜಿಲ್ಲೆಗೆ ವರ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕಲಿತ ಆಡಳಿತದ ಅನುಭವಕ್ಕೆ ಎಲ್ಲೆಡೆಯೂ ಬೆಲೆ ಇತ್ತು. ಹಿಂದೂ ಕಾಲೇಜಿನಲ್ಲಿ ಡಿರೋಜಿಯೊ ಎಂಬ ತರುಣ ಅಧ್ಯಾಪಕರ ಸುತ್ತ ಬೆಳೆದ ಪೀಳಿಗೆಯವರು ಒಬ್ಬೊಬ್ಬರಾಗಿ ಆ ಕಡೆ ನಡೆದರು. ರಸಿಕಕೃಷ್ಣ ಮಲ್ಲಿಕರು ಡೆಪ್ಯುಟಿ ಕಲೆಕ್ಟರ್ ಆದರು. ಶಿವಚಂದ್ರ ದೇವರ ಉದಾಹರಣೆ ಇನ್ನೂ ಹತ್ತಿರದ್ದು. ಅವರೂ ರಾಧಾನಾಥರಂತೆ ಅದೇ ಸರ್ವೆಯಲ್ಲಿ ಕಂಪ್ಯೂಟರ್ ಆಗಿ ಕೆಲಸಕ್ಕೆ ಸೇರಿದವರು. 1838ರಲ್ಲಿ ಅವರು ಸರ್ವೆಯನ್ನು ಬಿಟ್ಟು ಡೆಪ್ಯುಟಿ ಕಲೆಕ್ಟರ್ ಆಗಿ ಹೋದರು.

ರಾಧಾನಾಥರೂ ಅದೇ ಹುದ್ದೆಗೆ ಹೋಗಬಯಸಿದರು. ಎವರೆಸ್ಟ್ ಬಿಡಲಿಲ್ಲ. ಸರ್ಕಾರಿ ನೌಕರನೊಬ್ಬ ತನ್ನ ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಬೇರೆ ಇಲಾಖೆಗೆ ಹೋಗಕೂಡದೆಂಬ ನಿಯಮವನ್ನು ಮುಂದೊಡ್ಡಿ ಆ ದಾರಿಯನ್ನು ಮುಚ್ಚಿದರು.

ಇಲ್ಲಿ ಎವರೆಸ್ಟ್ ಅವರನ್ನು ಖಳನಾಯಕನ ಸ್ಥಾನದಲ್ಲಿ ನಿಲ್ಲಿಸುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕಣ್ಣಿನಿಂದ ನೋಡಿದರೆ ಸಂಗತಿ ಹೀಗಿದೆ: ಮಹಾ ರೇಖಾಂಶದ ಕೆಲಸ ಮುಗಿಯುವ ಹಂತಕ್ಕೆ ಬಂದಿದೆ, ಮಲೇರಿಯಾದಿಂದ ಜನ ಸಾಯುತ್ತಿದ್ದಾರೆ, ತಮ್ಮ ದೇಹವೂ ಸೋತಿದೆ. ಇಡೀ ದೇಶದಲ್ಲಿ ಈ ಲೆಕ್ಕವನ್ನು ನಂಬಿ ಒಪ್ಪಿಸಬಹುದಾದವರು ಬೆರಳೆಣಿಕೆಯವರು. ಅವರಲ್ಲಿ ಅತ್ಯುತ್ತಮನಾದವನು ಹೊರಟುಹೋದರೆ ಮತ್ತೊಬ್ಬನನ್ನು ತಯಾರುಮಾಡಲು ಇನ್ನೊಂದು ದಶಕ ಬೇಕು. ಅವರು ರಾಧಾನಾಥರನ್ನು ಮೆಚ್ಚಿದ್ದು ಬರಿಯ ಮಾತಿಗಲ್ಲ. ರಾಧಾನಾಥರ ತಂದೆ ತೀತುರಾಮ ಸಿಕ್ದಾರರಿಗೆ ಅವರು ಬರೆದ ಪತ್ರವೊಂದು ಇತಿಹಾಸಕಾರರಿಗೆ ಪರಿಚಿತ. ನೀವು ಡೆಹ್ರಾಡೂನಿಗೆ ಬಂದಿದ್ದರೆ ಇಂಥ ಮಗನನ್ನು ಪಡೆದ ನಿಮ್ಮನ್ನು ಗೌರವಿಸುವ ಸಂತೋಷ ನನ್ನದಾಗುತ್ತಿತ್ತು, ಮೇಲಿನವರೂ ಸರಿಸಮಾನರೂ ಅವನನ್ನು ಎಷ್ಟು ಆದರಿಸುತ್ತಾರೆಂದು ನೀವೇ ಕಾಣಬಹುದಾಗಿತ್ತು ಎಂಬುದು ಅದರ ಭಾವ. ಆಳುವ ಜನಾಂಗದ ಅಧಿಕಾರಿಯೊಬ್ಬ ಆಳಿಸಿಕೊಳ್ಳುವ ಜನಾಂಗದ ನೌಕರನ ಮನೆಗೆ ಹೀಗೆ ಬರೆಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆದರೆ ಹೊಗಳಿಕೆಯ ಪತ್ರ ಮತ್ತು ಬಿಡುಗಡೆಯ ಪತ್ರ ಎರಡೂ ಒಂದಲ್ಲ. ನೌಕರಿಯಲ್ಲಿ ಇಷ್ಟು ವರ್ಷ ಕಳೆದ ನಾವು ಇದನ್ನು ಬಲ್ಲೆವು. ಎಷ್ಟೋ ಕಚೇರಿಗಳಲ್ಲಿ ಮೊದಲನೆಯದು ಧಾರಾಳವಾಗಿ ಸಿಗುವುದು ಎರಡನೆಯದು ಸಿಗದ ಕಾರಣಕ್ಕೇ. ‘ನೀವಿಲ್ಲದೆ ಇಲ್ಲಿ ಏನೂ ನಡೆಯದು’ ಎಂಬ ಮಾತನ್ನು ಕೇಳಿ ಉಬ್ಬುವ ಮುನ್ನ ಅದನ್ನು ತಿರುಗಿಸಿ ನೋಡಬೇಕು. ಇಲ್ಲಿಯಲ್ಲದೆ ಬೇರೆ ಎಲ್ಲಿ ನಮ್ಮಿಂದ ಏನು ನಡೆದೀತು? ಮೊದಲ ಮಾತು ನಿಜವಾದಷ್ಟೂ ಎರಡನೆಯ ಪ್ರಶ್ನೆಗೆ ಉತ್ತರ ಬಡವಾಗುತ್ತ ಹೋಗುವುದು ವಿಶೇಷ ವಿದ್ಯೆಯ ಲಕ್ಷಣ. ಅನಿವಾರ್ಯತೆಯೇ ಬಂಧನವಾಗುವ ಬಗೆ ಇದು.

ವಿಚಿತ್ರವೆಂದರೆ, ಅದೇ ವಿದ್ಯೆ ಎವರೆಸ್ಟರಿಗೆ ಬಂಧನವಾಗಲಿಲ್ಲ. 1843ರಲ್ಲಿ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1847ರಲ್ಲಿ ಭಾರತದ ರೇಖಾಂಶದ ಅಳತೆಯ ಬಗ್ಗೆ ಅವರ ದೊಡ್ಡ ಗ್ರಂಥ ಪ್ರಕಟವಾಯಿತು. ವಿದ್ವತ್ ಸಂಸ್ಥೆಗಳು ಗೌರವಿಸಿದವು. 1861ರಲ್ಲಿ ‘ಸರ್’ ಪದವಿ ಬಂದಿತು. ಲೆಕ್ಕ ಒಂದೇ, ತ್ರಿಕೋನಗಳು ಅವೇ. ಒಬ್ಬರ ಪಾಲಿಗೆ ಆ ವಿದ್ಯೆ ಸಮುದ್ರ ದಾಟಿತು. ಇನ್ನೊಬ್ಬರ ಪಾಲಿಗೆ ಕಚೇರಿಯ ಹೊಸ್ತಿಲನ್ನೂ ದಾಟಲಿಲ್ಲ. ಈ ವ್ಯತ್ಯಾಸಕ್ಕೆ ಜನಾಂಗ, ಅಧಿಕಾರ ಎಲ್ಲವೂ ಕಾರಣ. ಅವುಗಳ ಜೊತೆಗೆ ಇನ್ನೊಂದು ಕಾರಣವನ್ನೂ ನಾವು ಗಮನಿಸಬೇಕು. ಪುಸ್ತಕದ ಮುಖಪುಟದ ಮೇಲೆ ಎವರೆಸ್ಟರ ಹೆಸರಿತ್ತು. ಕಂಪ್ಯೂಟರುಗಳ ಲೆಕ್ಕವಾದರೋ ಇಲಾಖೆಯ ಕಡತಗಳಲ್ಲಿ, ಇಲಾಖೆಯ ಹೆಸರಿನಲ್ಲಿ ಉಳಿಯಿತು. ನಾವು ಮಾಡಿದ ಕೆಲಸ ನಮ್ಮದೆಂದು ತೋರಿಸಲು ಹೊರಗಿನವರ ಕಣ್ಣಿಗೆ ಬೀಳುವ ಒಂದು ಗುರುತು ಇರದಿದ್ದರೆ ಆ ಕೆಲಸಕ್ಕೆ ಹೊರಗೆ ಬೆಲೆ ಹುಟ್ಟುವುದಿಲ್ಲ.

ಹೀಗೆ ರಾಧಾನಾಥರು ಉಳಿದರು. ಆದರೆ ತಲೆ ತಗ್ಗಿಸಿಕೊಂಡು ಉಳಿದರೆಂದು ಭಾವಿಸಬಾರದು. 1843ರಲ್ಲಿ ವ್ಯಾನ್ಸಿಟಾರ್ಟ್ ಎಂಬ ಮ್ಯಾಜಿಸ್ಟ್ರೇಟನು ಸರ್ವೆಯ ಕೂಲಿಗಳಿಂದ ಬಿಟ್ಟಿ ದುಡಿಸಿಕೊಂಡಾಗ ಅವರು ಎದುರು ನಿಂತರು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಅವರಿಗೇ 200 ರೂಪಾಯಿ ದಂಡ ಬಿತ್ತು. ಅವರು ಕೆಲಸಕ್ಕೆ ಸೇರಿದಾಗಿನ ಸಂಬಳದ ಲೆಕ್ಕದಲ್ಲಿ ಅದು ಆರು ತಿಂಗಳಿಗೂ ಮೀರಿದ ಮೊತ್ತ. ಅವರ ಗೆಳೆಯರು ನಡೆಸುತ್ತಿದ್ದ ‘ಬೆಂಗಾಲ್ ಸ್ಪೆಕ್ಟೇಟರ್’ ಪತ್ರಿಕೆ ಈ ಪ್ರಕರಣವನ್ನು ವಿವರವಾಗಿ ಪ್ರಕಟಿಸಿತು. ಇಲಾಖೆಗೆ ನಿಷ್ಠೆಯೆಂದರೆ ಅಧಿಕಾರಿಗಳಿಗೆ ನಿಷ್ಠೆಯೆಂದು ಅವರು ತಿಳಿದಿರಲಿಲ್ಲ. ಅದೇ ಇಲಾಖೆಯ ತೀರ ಕೆಳಗಿನ ಕೂಲಿಯವನೂ ಅವರ ನಿಷ್ಠೆಯ ವ್ಯಾಪ್ತಿಯಲ್ಲಿದ್ದ.

ಎವರೆಸ್ಟರ ನಂತರ ಆಂಡ್ರ್ಯೂ ವಾ ಸರ್ವೇಯರ್ ಜನರಲ್ ಆದರು. ರಾಧಾನಾಥರು ಮುಖ್ಯ ಕಂಪ್ಯೂಟರ್ ಆಗಿ ಕಲ್ಕತ್ತೆಗೆ ಬಂದರು. 1850ರ ದಶಕದಲ್ಲಿ ಅಲ್ಲಿನ ವೀಕ್ಷಣಾಲಯದ ಹೊಣೆಯೂ ಅವರಿಗೆ ಬಂದಿತು. ಗಾಳಿಯ ಒತ್ತಡ, ಉಷ್ಣತೆಗಳನ್ನು ಕ್ರಮವಾಗಿ ದಾಖಲಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಕಂಡ ವಾಯುಭಾರಮಾಪಕದ ಅಂಕಿಗಳನ್ನು ಒಂದೇ ಆಧಾರಕ್ಕೆ ಇಳಿಸುವ ಸೂತ್ರವನ್ನು ಅವರು ರೂಪಿಸಿದರು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದಕ್ಕೂ ಎರಡು ದಶಕ ಮೊದಲಿನ ಮಾತು ಇದು. ಭೂಮಿಯನ್ನು ಅಳೆಯಲು ಕಲಿತ ಗಣಿತವನ್ನು ಅವರು ಗಾಳಿಗೂ ಹಚ್ಚಿದರು. ವಿಶೇಷ ವಿದ್ಯೆಯ ಒಳಗೇ ಒಂದು ಸಾಮಾನ್ಯ ವಿದ್ಯೆ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರುವುದಿಲ್ಲ.

ಶಿಖರದ ಕಥೆಯನ್ನು ಎಲ್ಲರೂ ಬಲ್ಲರು. 1849 ಮತ್ತು 1850ರಲ್ಲಿ ಹಿಮಾಲಯದ ತಪ್ಪಲಿನ ಆರು ಠಾಣೆಗಳಿಂದ, ನೂರು ಮೈಲಿಗೂ ದೂರದಿಂದ, ‘ಹದಿನೈದನೆಯ ಶಿಖರ’ ಎಂಬ ಸಂಖ್ಯೆಯ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದಿದ್ದರು. ಲೆಕ್ಕ ಮುಗಿದಾಗ ಅದರ ಎತ್ತರ 29,002 ಅಡಿ ಎಂದು ಬಂದಿತು. ವಾ ಅದನ್ನು 1856ರಲ್ಲಿ ಪ್ರಕಟಿಸಿದರು, ತಮ್ಮ ಹಿಂದಿನ ಅಧಿಕಾರಿಯ ಹೆಸರನ್ನು ಸೂಚಿಸಿದರು. 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ಆ ಹೆಸರನ್ನು ಒಪ್ಪಿತು. 2020ರಲ್ಲಿ ನೇಪಾಳ ಮತ್ತು ಚೀನಾ ಘೋಷಿಸಿದ ಎತ್ತರ 8,848.86 ಮೀಟರ್. ಲೋಗರಿದಂ ಕೋಷ್ಟಕದ ಲೆಕ್ಕಕ್ಕೂ ಉಪಗ್ರಹದ ಲೆಕ್ಕಕ್ಕೂ ನಡುವೆ ಇರುವ ಅಂತರ ಸುಮಾರು 30 ಅಡಿ ಮಾತ್ರ.

ರಾಧಾನಾಥರು ಒಂದು ದಿನ ಸಾಹೇಬರ ಕೋಣೆಗೆ ಓಡಿಹೋಗಿ ಜಗತ್ತಿನ ಅತಿ ಎತ್ತರದ ಬೆಟ್ಟವನ್ನು ಕಂಡುಹಿಡಿದೆನೆಂದು ಕೂಗಿದರೆಂಬ ಕಥೆ ಬಹಳ ಜನಪ್ರಿಯ. ಅದನ್ನು ಇದ್ದಂತೆ ನಂಬಲಾಗದು. ಕೋನಗಳನ್ನು ಅಳೆದವರು ಹಲವರು, ಡೆಹ್ರಾಡೂನಿನಲ್ಲಿ ಲೆಕ್ಕ ಮಾಡಿದವರೂ ಇದ್ದರು, ಬೆಳಕಿನ ಬಾಗನ್ನು ತಿದ್ದುವ ಕೆಲಸಕ್ಕೇ ವರ್ಷಗಳು ಹಿಡಿದವು. ಯಾರ ಪಾಲು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಪಾಲಿನ ಪ್ರಮಾಣಕ್ಕಿಂತಲೂ ಒಮ್ಮತವಿಲ್ಲದಿರುವುದಕ್ಕೆ ಕಾರಣ. ಹೆಸರಿಲ್ಲದೆ ಕೆಲಸ ನಡೆಯುವ ಇಲಾಖೆಯಲ್ಲಿ ಪಾಲು ಕೇಳುವ ಹೊತ್ತಿಗೆ ಸಾಕ್ಷಿ ಉಳಿದಿರುವುದಿಲ್ಲ.

ಸಾಕ್ಷಿ ಉಳಿದಿದ್ದ ಒಂದು ಕಡೆಯೂ ಏನಾಯಿತೆಂದು ನೋಡಿ. 1851ರಲ್ಲಿ ಥುಯಿಲಿಯರ್ ಮತ್ತು ಸ್ಮೈತ್ ಎಂಬ ಅಧಿಕಾರಿಗಳು ‘ಭಾರತದ ಸರ್ವೆ ಕೈಪಿಡಿ’ಯನ್ನು ಹೊರತಂದರು. ಅದರ ಗಣಿತದ ಕಠಿಣ ಭಾಗಗಳನ್ನು ಬರೆದವರು ರಾಧಾನಾಥರು. ಮುನ್ನುಡಿಯಲ್ಲಿ ಸಂಪಾದಕರು ಅದನ್ನು ಸ್ಪಷ್ಟವಾಗಿ ನೆನೆದಿದ್ದರು. ರಾಧಾನಾಥರು 1862ರಲ್ಲಿ ನಿವೃತ್ತರಾದರು, 1870ರ ಮೇ ತಿಂಗಳಲ್ಲಿ ತೀರಿಕೊಂಡರು. 1875ರಲ್ಲಿ ಕೈಪಿಡಿಯ ಮೂರನೆಯ ಆವೃತ್ತಿ ಬಂದಿತು. ಅವರು ಬರೆದ ಭಾಗಗಳು ಅದರಲ್ಲಿದ್ದವು. ಅವರನ್ನು ನೆನೆದ ಮುನ್ನುಡಿ ಇರಲಿಲ್ಲ. ಇದನ್ನು ವಿರೋಧಿಸಿದವರು ಬ್ರಿಟಿಷ್ ಸರ್ವೇಯರುಗಳಲ್ಲೇ ಇದ್ದರು ಎಂಬುದನ್ನು ಮರೆಯಬಾರದು. 1876ರಲ್ಲಿ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆಯು ಇದನ್ನು ಸತ್ತವರಿಂದ ಮಾಡಿದ ಕಳವು ಎಂದೇ ಕರೆಯಿತು.

ನಿಷ್ಠೆಯ ಬಗ್ಗೆ ಮಾತಾಡುವಾಗ ಕನ್ನಡಿಗರಾದ ನಮಗೆ ಇಲ್ಲಿ ಎರಡು ಹಳೆಯ ಪದಗಳು ನೆನಪಾಗುತ್ತವೆ: ಜೋಳವಾಳಿ ಮತ್ತು ವೇಳೆವಾಳಿ. ಒಡೆಯನ ಜೋಳವನ್ನು ಉಂಡವನಿಗೆ ಒಡೆಯನ ಋಣವಿದೆ ಎಂಬುದು ಮೊದಲನೆಯದು. ಬೇಕಾದ ವೇಳೆಯಲ್ಲಿ ಅವನಿಗಾಗಿ ಪ್ರಾಣವನ್ನೂ ಕೊಡುವೆನೆಂಬ ಪಣ ಎರಡನೆಯದು. ಹೊಯ್ಸಳರ ಗರುಡರು ಒಡೆಯನೊಂದಿಗೆ ತಾವೂ ಸತ್ತವರು. ಆ ಕ್ರೌರ್ಯವನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಜೋಳವಾಳಿ ಒಮ್ಮುಖದ ಋಣವಾಗಿರಲಿಲ್ಲ ಎಂಬುದನ್ನು ನಮ್ಮ ಶಾಸನಗಳು ಹೇಳುತ್ತವೆ. ಆಳು ಪ್ರಾಣ ಕೊಟ್ಟರೆ ಅವನ ಮನೆಯವರಿಗೆ ಭೂಮಿ, ಊರಿನ ನಡುವೆ ಕಲ್ಲು, ಕಲ್ಲಿನ ಮೇಲೆ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಿರಿ. 949ರ ತಕ್ಕೋಲದ ಯುದ್ಧದಲ್ಲಿ ಮಣಲೆರನು ತೋರಿದ ಪರಾಕ್ರಮಕ್ಕೆ ಮೆಚ್ಚಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ನಿಷ್ಠೆಯ ನಾಯಿಯೊಂದರ ಹೆಸರಿಗೆ ಸಿಕ್ಕ ಕಲ್ಲು, 1875ರ ಕಲ್ಕತ್ತೆಯಲ್ಲಿ ಮೂವತ್ತು ವರ್ಷ ದುಡಿದ ಗಣಿತಜ್ಞನ ಹೆಸರಿಗೆ ಒಂದು ಪುಟದಷ್ಟೂ ಸಿಗಲಿಲ್ಲ.

ಹಾಗಾದರೆ ಬಿಟ್ಟುಹೋದ ಶಿವಚಂದ್ರ ದೇವರು ಗೆದ್ದರೆ? ಅವರು ಜಿಲ್ಲೆಗಳಲ್ಲಿ ಗೌರವದಿಂದ ಸೇವೆ ಸಲ್ಲಿಸಿದರು. ಹೂಗ್ಲಿ ತೀರದ ತಮ್ಮೂರು ಕೊನ್ನಗರದಲ್ಲಿ ಶಾಲೆ, ಹೆಣ್ಣುಮಕ್ಕಳ ಶಾಲೆ, ಗ್ರಂಥಾಲಯಗಳನ್ನು ಕಟ್ಟಿದರು. ಬ್ರಾಹ್ಮ ಸಮಾಜದ ಹಿರಿಯರಾಗಿ ಬಾಳಿದರು. ಅವರು ಸರ್ವೆಯಲ್ಲಿ ಕಲಿತ ಗೋಳೀಯ ತ್ರಿಕೋನಮಿತಿ ಮುಂದೆ ಅವರಿಗೆ ಬೇಕಾಗಲಿಲ್ಲ. ಕೊನ್ನಗರದ ಜನ ಅದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ, ಬದಲಿಗೆ ಬಹಳವನ್ನು ಪಡೆದರು. ರಾಧಾನಾಥರೂ ಹಾಗೆ ಹೋಗಿದ್ದರೆ ಬಂಗಾಳಕ್ಕೆ ಮತ್ತೊಬ್ಬ ಸಜ್ಜನ ಡೆಪ್ಯುಟಿ ಕಲೆಕ್ಟರ್ ಸಿಗುತ್ತಿದ್ದರು. ಗಣಿತಕ್ಕೆ ಸಿಕ್ಕಿದ್ದು ಸಿಗುತ್ತಿರಲಿಲ್ಲ. ಇವೆರಡನ್ನು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಎರಡೂ ಒಳ್ಳೆಯ ಬದುಕುಗಳೇ. ಇವುಗಳ ನಡುವಣ ಮುಖ್ಯ ಭೇದವೆಂದರೆ ಶಿವಚಂದ್ರರು ಆರಿಸಿಕೊಂಡರು, ರಾಧಾನಾಥರಿಗೆ ಆರಿಸಲು ಬಿಡಲಿಲ್ಲ. ಬಾಗಿಲು ತೆರೆದಿದ್ದೂ ಉಳಿದಿದ್ದರೆ ಅದನ್ನು ನಿಷ್ಠೆ ಎನ್ನಬಹುದಾಗಿತ್ತು. ಚಿಲಕ ಹಾಕಿದ ಮೇಲೆ ಉಳಿದುದಕ್ಕೆ ಆ ಹೆಸರು ಸಲ್ಲದು. ಇಲಾಖೆಯ ಚರಿತ್ರೆಗಳು ಮಾತ್ರ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತವೆ.

ಈ ವಿಷಯದಲ್ಲಿ ಕಾಲ ಬದಲಾಗಿಲ್ಲವೆನ್ನುವುದು ಅನ್ಯಾಯವಾದೀತು. ಎವರೆಸ್ಟರ ನಿಯಮದ ಸಂತತಿ ನಮ್ಮ ಕಚೇರಿಗಳಲ್ಲಿ ಇಂದೂ ಇದೆ. ಹೊರಗಿನ ಹುದ್ದೆಗೆ ಅರ್ಜಿಯನ್ನು ‘ಸೂಕ್ತ ಮಾರ್ಗದ ಮೂಲಕ’ ಕಳುಹಿಸಬೇಕು, ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಆದರೆ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಅರ್ಜಿಗಳನ್ನು ಮುಂದಕ್ಕೆ ಕಳುಹಿಸಬೇಕೆಂಬ, ತಡೆಯುವುದಾದರೆ ಅದಕ್ಕೆ ಸಾರ್ವಜನಿಕ ಹಿತದ ಕಾರಣವಿರಬೇಕೆಂಬ ಸೂಚನೆಗಳೂ ಇವೆ. ತಾಂತ್ರಿಕ ರಾಜೀನಾಮೆಯ ವ್ಯವಸ್ಥೆಯಿಂದ ಒಂದು ಇಲಾಖೆಯ ಸೇವೆ ಇನ್ನೊಂದರಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಯೋಜನೆಯ ಮೇಲೆ ಹೋಗಿ ಬರಬಹುದು. 2004ರ ಜನವರಿಯಿಂದೀಚೆಗೆ ಸೇರಿದವರ ಪಿಂಚಣಿ ಖಾತೆ ಅವರೊಂದಿಗೇ ಸಾಗುತ್ತದೆ. ಹಳೆಯ ಪಿಂಚಣಿಯ ಭದ್ರತೆ ಹೋಯಿತೆಂಬ ಅಳಲು ನಿಜವಾದದ್ದೇ. ಆದರೆ ಆ ಭದ್ರತೆಯೇ ಎಷ್ಟೋ ಮಂದಿಯನ್ನು ಅದೇ ಕುರ್ಚಿಗೆ ಕಟ್ಟಿಹಾಕಿತ್ತೆಂಬುದೂ ಅಷ್ಟೇ ನಿಜ. ಒಟ್ಟಿನಲ್ಲಿ ಚಿಲಕ ಮೊದಲಿನಷ್ಟು ಬಿಗಿಯಾಗಿಲ್ಲ.

ಆದುದರಿಂದ ನಮ್ಮ ಕಾಲದ ಪ್ರಶ್ನೆ ಬೇರೆ ರೂಪ ತಾಳಿದೆ. ಯಾವುದೋ ಹಳೆಯ ಉಪಕರಣದ ದುರಸ್ತಿ, ಯಾವುದೋ ಒಂದು ಕಾಯಿದೆಯ ವ್ಯಾಖ್ಯಾನ, ಇಲಾಖೆಗೆ ಮಾತ್ರ ಗೊತ್ತಿರುವ ಒಂದು ತಂತ್ರಾಂಶ, ಇಂಥವುಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದವರು ನಮ್ಮ ನಡುವೆ ಇದ್ದಾರೆ. ಇಂಗ್ಲಿಷ್ ಎಂ.ಎ. ಮಾಡಿ ಟಿಪ್ಪಣಿ ಬರೆಯುವುದರಲ್ಲಿ ನಿಷ್ಣಾತರಾದ ನಮ್ಮಂಥವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕಡತದ ಭಾಷೆಗೆ ಕಚೇರಿಯ ಹೊರಗೆ ಓದುಗರಿಲ್ಲ. ಬಾಗಿಲು ತೆರೆದಿದೆ, ಆದರೆ ಹೊರಗೆ ನಮ್ಮ ವಿದ್ಯೆಯನ್ನು ಕೇಳುವವರಿಲ್ಲ. ಖಾಸಗಿ ಕಂಪನಿಗಳಲ್ಲಿರುವ ಗೆಳೆಯರು ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸಿ ಸಂಬಳ ಏರಿಸಿಕೊಳ್ಳುವುದನ್ನು ಕಂಡಾಗ ಉಳಿದವರು ದಡ್ಡರೇ ಎಂಬ ಅನುಮಾನ ಮೂಡುತ್ತದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ ಬಿಟ್ಟುಹೋಗುವುದು ದ್ರೋಹವೆಂದೂ ತೋರುತ್ತದೆ. ನೆನೆಯುವುದಕ್ಕೆ ಅಲ್ಲೇ ಕುಳಿತಿರಬೇಕೆಂದು ಗಾದೆ ಹೇಳಿಲ್ಲ.

ರಾಧಾನಾಥರ ಕಡತದಿಂದ ನಾವು ಎತ್ತಿಕೊಳ್ಳಬಹುದಾದ ಮಾತುಗಳು ಕೆಲವಿವೆ. ನಿಷ್ಠೆ ಕೆಲಸಕ್ಕೆ ಸಲ್ಲಲಿ, ಕುರ್ಚಿಗಲ್ಲ. ಕೆಲಸಕ್ಕೆ ಸಂದ ನಿಷ್ಠೆಯನ್ನು ಬೇರೆಡೆಗೂ ಒಯ್ಯಬಹುದು, ಅವರು ಭೂಮಿಯ ಗಣಿತವನ್ನು ಗಾಳಿಗೆ ಒಯ್ದಂತೆ. ಮಾಡಿದ ಕೆಲಸದ ಮೇಲೆ ಹೆಸರು ಇರುವಂತೆ ನೋಡಿಕೊಳ್ಳುವುದು ಅಹಂಕಾರವಲ್ಲ. ಲೇಖನ, ವರದಿ, ತರಬೇತಿಯ ಪಾಠ, ಏನಾದರೂ ಇರಲಿ, ಇಲಾಖೆಯ ನೆನಪು ಮುನ್ನುಡಿಯ ಒಂದು ಹಾಳೆಯಷ್ಟೇ ತೆಳುವಾದುದು. ಮೇಲಧಿಕಾರಿಗಳಾದವರು ನೆನಪಿಡಬೇಕಾದ ಮಾತೂ ಒಂದಿದೆ. ಅತ್ಯುತ್ತಮ ನೌಕರನನ್ನು ಉಳಿಸಿಕೊಳ್ಳಬೇಕಾದರೆ ಅವನ ಅರ್ಜಿಯನ್ನು ತಡೆಹಿಡಿಯುವುದಕ್ಕಿಂತ, ಅವನು ಇಲ್ಲಿ ಉಳಿದು ಏನಾಗಬಲ್ಲನೆಂದು ತೋರಿಸುವುದು ಮೇಲು. ನಮ್ಮಲ್ಲೂ ಹಲವರು ಈಗ ಸಹಿ ಹಾಕುವ ಸ್ಥಾನಕ್ಕೆ ಬಂದಿದ್ದೇವೆ. ಮೇಜಿನ ಮೇಲೆ ನಿರಾಕ್ಷೇಪಣಾ ಪತ್ರದ ಕಡತ ಬಂದಾಗ ‘ಸಾರ್ವಜನಿಕ ಹಿತ’ ಎಂದು ಬರೆಯುವ ಮುನ್ನ, ಅದು ಸಾರ್ವಜನಿಕರ ಹಿತವೋ ನಮ್ಮ ವಿಭಾಗದ ಅನುಕೂಲವೋ ಎಂದು ಕೇಳಿಕೊಳ್ಳುವುದು ಒಳಿತು.

ಇನ್ನೊಂದು ಸಂಗತಿಯನ್ನು ನಮ್ಮಂಥ ಸಾಹಿತ್ಯದ ಬಳಗ ಮರೆಯಬಾರದು. 1854ರಲ್ಲಿ ರಾಧಾನಾಥರು ಗೆಳೆಯ ಪ್ಯಾರೀಚಂದ್ ಮಿತ್ರರೊಡನೆ ಸೇರಿ ‘ಮಾಸಿಕ ಪತ್ರಿಕಾ’ ಎಂಬ ಬಂಗಾಳಿ ನಿಯತಕಾಲಿಕೆಯನ್ನು ಪ್ರಾರಂಭಿಸಿದರು. ಸಂಸ್ಕೃತದ ಭಾರವಿಲ್ಲದ ಆಡುಬಂಗಾಳಿಯಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳು ಓದಲೆಂದು ಹೊರಟ ಪತ್ರಿಕೆ ಅದು. ಬಂಗಾಳಿಯ ಮೊದಲ ಕಾದಂಬರಿಗಳಲ್ಲಿ ಒಂದೆಂದು ಎಣಿಸಲಾಗುವ ಪ್ಯಾರೀಚಂದರ ‘ಆಲಾಲೇರ್ ಘರೇರ್ ದುಲಾಲ್’ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಹಗಲೆಲ್ಲ ಲಾಗರಿದಂ ಕೋಷ್ಟಕಗಳ ನಡುವೆ ಕಳೆದ ಮುಖ್ಯ ಕಂಪ್ಯೂಟರ್ ಉಳಿದ ಹೊತ್ತಿನಲ್ಲಿ ತಮ್ಮ ಭಾಷೆಯ ಗದ್ಯವನ್ನು ಸರಳಗೊಳಿಸುವ ಕೆಲಸಕ್ಕೆ ಕೈಹಾಕಿದ್ದರು. ಆ ಕೆಲಸಕ್ಕೆ ಯಾವ ಸರ್ವೇಯರ್ ಜನರಲ್ಲರ ಅಪ್ಪಣೆಯೂ ಬೇಕಾಗಿರಲಿಲ್ಲ.

ನಿವೃತ್ತಿಯ ಬಳಿಕ ಅವರು ಕಲ್ಕತ್ತೆಯ ಜನರಲ್ ಅಸೆಂಬ್ಲೀಸ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಅಂದರೆ ಮುಂದೆ ಸ್ಕಾಟಿಷ್ ಚರ್ಚ್ ಕಾಲೇಜಾದ ಸಂಸ್ಥೆಯಲ್ಲಿ, ಗಣಿತ ಕಲಿಸಿದರು. ಟೈಟ್ಲರ್ ಅವರಿಂದ ಪಡೆದುದನ್ನು ಮೂವತ್ತು ವರ್ಷಗಳ ನಂತರ ಬೇರ�ೆ ಹುಡುಗರಿಗೆ ದಾಟಿಸಿದರು. 2004ರ ಜೂನ್ 27ರಂದು, ಮಹಾ ರೇಖಾಂಶದ ಸರ್ವೆಯ ಇನ್ನೂರು ವರ್ಷಗಳ ನೆನಪಿಗೆ, ಭಾರತೀಯ ಅಂಚೆ ಇಲಾಖೆ ಹೊರತಂದ ಅಂಚೆಚೀಟಿಗಳಲ್ಲಿ ಅವರ ಚಿತ್ರವೂ ಸೇರಿತು. ಕೈಪಿಡಿಯಿಂದ ಮುನ್ನುಡಿ ಬಿದ್ದುಹೋದ 129 ವರ್ಷಗಳ ಮೇಲೆ ಅವರ ಹೆಸರು ಒಂದು ಅಂಚೆಚೀಟಿಯ ಮೇಲೆ ಕಾಣಿಸಿಕೊಂಡಿತು. ಅದನ್ನು ಅಚ್ಚುಹಾಕಿದ್ದು ಅವರು ದುಡಿದ ಇಲಾಖೆಯಲ್ಲ, ಬೇರೊಂದು ಇಲಾಖೆ.